ಮರುಕರೆ ಎಂದು ಮುಚ್ಚಿದ ಚೀಟಿ

ಹೇಳಿಕೆ ಕೊಡುತ್ತಿರುವವಳು: ಮೃತ ಬೈಂಡರನ ಸ್ವಂತ ಅಕ್ಕ. ಬೀದಿಯವರು ‘ಚೀಟಿ ಅಕ್ಕ’ ಎಂದು ಕರೆಯುತ್ತಾರೆ.
ವಯಸ್ಸು: ಅರವತ್ತಮೂರು.
ಉದ್ಯೋಗ: ನಗರದ ತುರ್ತು ಕರೆ ಕೊಠಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಆಪರೇಟರ್, ಅದರಲ್ಲಿ ಕೊನೆಯ ಎಂಟು ವರ್ಷ ಮೇಲ್ವಿಚಾರಕಿ. ಐದು ವರ್ಷದಿಂದ ನಿವೃತ್ತಿ.
ವಾಸ: ಅಂಚೆ ಕಚೇರಿಯ ಹಿಂದಿನ ಬೀದಿ, ಮೂರು ಅಂತಸ್ತಿನ ಕಟ್ಟಡ, ಎರಡನೇ ಮಹಡಿ, ಮನೆ ನಂಬರು 9.

ಮೇಲಿನ ವಿಳಾಸದವಳಾದ ನಾನು, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಬರಹಗಾರರ ಎದುರು ಕುಳಿತು ಹೇಳಿ ಬರೆಸಿ ತಿಳಿಸುವುದೇನೆಂದರೆ, ಈ ತಿಂಗಳ 14ನೇ ತಾರೀಖು ಮಂಗಳವಾರ ಬೆಳಗ್ಗೆ ನನ್ನ ತಮ್ಮ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದವನು, ವಯಸ್ಸು ಐವತ್ತಾರು, ಎದೆನೋವಿನಿಂದ ತೀರಿಕೊಂಡನು. ನಾನು ಆಂಬುಲೆನ್ಸ್‌ಗೆ ಮೊದಲ ಕರೆ ಮಾಡಿದ್ದು 10.43ಕ್ಕೆ. ಅವನಿಗಾಗಿ ಆಂಬುಲೆನ್ಸ್ ಬಂದದ್ದು 11.24ಕ್ಕೆ. ನಡುವೆ ನಲವತ್ತೊಂದು ನಿಮಿಷ. ಈ ಠಾಣೆಯಲ್ಲಿ ತಯಾರಾಗಿರುವ ದೂರಿನ ಕರಡಿನಲ್ಲಿ ಆರೋಪಿ ಎಂಬ ಜಾಗದಲ್ಲಿ ನನ್ನ ಕರೆ ಸ್ವೀಕರಿಸಿದ ಇಪ್ಪತ್ತಮೂರು ವರ್ಷದ ಹುಡುಗಿಯ ಹೆಸರು ಒಂದೇ ಇದೆ. ಅದು ಸರಿಯಲ್ಲ ಎಂದು ಹೇಳುವುದಕ್ಕೆ ಬಂದಿದ್ದೇನೆ.

ಬರಹಗಾರರು 14ನೇ ತಾರೀಖಿನಿಂದ ಹೇಳಿ ಎಂದರು. ಹತ್ತೊಂಬತ್ತು ವರ್ಷ ಹಿಂದಿನಿಂದ ಹೇಳುತ್ತೇನೆ ಎಂದೆ. ಅದು ಈ ಪ್ರಕರಣಕ್ಕೆ ಸಂಬಂಧವಿಲ್ಲ ಎಂದರು. ಸಂಬಂಧವಿದೆ ಎಂದೆ. ಬರೆದುಕೊಂಡರು.

ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ತುರ್ತು ಕರೆ ಕೊಠಡಿಯಲ್ಲಿ ಎಂಟು ಕುರ್ಚಿ, ಎಂಟು ಟೆಲಿಫೋನು ಇದ್ದವು. ಕರೆ ಬಂದ ಕೂಡಲೇ ಆಪರೇಟರ್ ಒಂದು ಚೀಟಿಯಲ್ಲಿ ವಿಳಾಸ, ಆದದ್ದೇನು, ರೋಗಿಯ ಹೆಸರು, ಕರೆದವರ ನಂಬರು ಬರೆದು ಓಡುವ ರಬ್ಬರ್ ಪಟ್ಟಿಯ ಮೇಲೆ ಇಡುತ್ತಿದ್ದರು. ಚೀಟಿ ಅದರ ಜೊತೆ ಸಾಗಿ ಗಾಜಿನ ಆಚೆಗಿದ್ದ ವಾಹನದ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಕುಳಿತವರು ವೈರ್‌ಲೆಸ್‌ನಲ್ಲಿ ಹತ್ತಿರದ ಚಾಲಕನಿಗೆ ಹೇಳುತ್ತಿದ್ದರು. ಚಾಲಕ ಹೊರಟೆ ಎಂದು ತನ್ನ ಬಾಯಿಂದ ಹೇಳುವ ತನಕ ನಾವು ಕರೆದವರಿಗೆ ವಾಹನ ಹೊರಟಿದೆ ಎಂದು ಹೇಳುವಂತಿರಲಿಲ್ಲ. ನಮ್ಮ ಬಳಿ ಉಳಿಯುವ ಚೀಟಿಯ ಪ್ರತಿಯ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕವಿತ್ತು. ಅದರ ಮೇಲೆ ‘ಬಂತು’ ಎಂದು ಅಚ್ಚಾಗಿತ್ತು. ಆಪರೇಟರ್ ಕರೆದವರ ನಂಬರಿಗೆ ತಾನೇ ಮತ್ತೆ ಫೋನು ಮಾಡಿ, ಆ ಮನೆಯವರ ಬಾಯಲ್ಲಿ ಬಂತು ಎನ್ನಿಸಿಕೊಂಡು, ಆ ಚೌಕದಲ್ಲಿ ಗಂಟೆ ನಿಮಿಷ ಬರೆದ ಮೇಲೆಯೇ ಚೀಟಿ ಮುಚ್ಚುತ್ತಿತ್ತು. ಮುಚ್ಚದ ಚೀಟಿ ಎದುರಿಗಿದ್ದರೆ ಪಾಳಿ ಮುಗಿದರೂ ಕುರ್ಚಿಯಿಂದ ಏಳುವಂತಿರಲಿಲ್ಲ. ಒಮ್ಮೆ ನಾನು ನಲವತ್ತು ನಿಮಿಷ ಹೆಚ್ಚಿಗೆ ಕುಳಿತಿದ್ದೇನೆ. ಅಂದು ಮನೆಗೆ ತಡವಾಗಿ ಹೋದಾಗ ನನ್ನ ತಮ್ಮ, ಏನೇ, ಇವತ್ತು ಚೀಟಿ ಬಿಡಲಿಲ್ವಾ ಎಂದು ಕೇಳಿದ. ಅದನ್ನು ಕೇಳಿಸಿಕೊಂಡ ಪಕ್ಕದ ಮನೆಯವರಿಂದ ನನಗೆ ಚೀಟಿ ಅಕ್ಕ ಎಂಬ ಹೆಸರು ಬಿತ್ತು.

ಹತ್ತೊಂಬತ್ತು ವರ್ಷ ಹಿಂದೆ ಒಂದು ಮಧ್ಯಾಹ್ನ ರೈಲ್ವೆ ಹಳಿ ಪಕ್ಕದ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಇಪ್ಪತ್ತೈದು ನಿಮಿಷದಲ್ಲಿ 214 ಕರೆ ಬಂದವು. ಕರೆಗೊಂದು ಚೀಟಿ ಎಂಬ ನಿಯಮದಂತೆ ನಾವು ಬರೆಯುತ್ತಲೇ ಹೋದೆವು. ನಗರದ ಹನ್ನೊಂದೂ ಆಂಬುಲೆನ್ಸ್ ಒಂದೇ ಗೇಟಿನ ಮುಂದೆ ಹೋಗಿ ಸಾಲಾಗಿ ನಿಂತವು. ಅಲ್ಲಿ ಗಾಯಗೊಂಡವರು ಇಬ್ಬರು. ಅದೇ ಹೊತ್ತಿನಲ್ಲಿ ನಾಲ್ಕು ಕಿಲೋಮೀಟರ್ ದೂರದಲ್ಲಿ ಹೆರಿಗೆ ನೋವು ಬಂದ ಹೆಂಗಸೊಬ್ಬಳು ಐವತ್ತು ನಿಮಿಷ ಕಾದಳು. ಮಗು ಉಳಿಯಲಿಲ್ಲ. ಅವಳ ಗಂಡನ ಕರೆ ತೆಗೆದುಕೊಂಡಿದ್ದು ನಾನು. ಆ ಚೀಟಿಯ ಚೌಕದಲ್ಲಿ ಬಂತು ಎಂದು ಬರೆಯುವಾಗ ಆತ ಫೋನಿನಲ್ಲಿ, ಬಂತು, ಇನ್ಯಾಕೆ ಬಂತು ಎಂದ.

ಆ ವಾರ ನಾನು ಮೇಲಿನವರಿಗೆ ಒಂದು ಟಿಪ್ಪಣಿ ಬರೆದುಕೊಟ್ಟೆ. ಅದರಲ್ಲಿ ಎರಡು ಪ್ಯಾರಾ ಇತ್ತು. ಮೊದಲನೆಯದು, ಹತ್ತು ನಿಮಿಷದೊಳಗೆ ಒಂದೇ ಜಾಗದಿಂದ ಮತ್ತೊಂದು ಕರೆ ಬಂದರೆ ಅದನ್ನು ಮರುಕರೆ ಎಂದು ಮೊದಲ ಚೀಟಿಗೆ ಸೇರಿಸಬೇಕು, ಹೊಸ ವಾಹನ ಕಳಿಸಬಾರದು ಎಂಬುದು. ಎರಡನೆಯದು ಹೀಗಿತ್ತು: “ಆದರೆ ಸೇರಿಸುವ ಮುನ್ನ ಕರೆದವರನ್ನು ರೋಗಿಯ ಹೆಸರು ಕೇಳಬೇಕು. ಮೊದಲ ಚೀಟಿಯ ಹೆಸರಿಗೆ ಅದು ಹೊಂದದಿದ್ದರೆ, ಅಥವಾ ಹೆಸರು ತಿಳಿಯದಿದ್ದರೆ, ಹೊಸ ಚೀಟಿ ಬರೆಯಬೇಕು. ಸಂದೇಹವಿದ್ದಲ್ಲಿ ಎರಡು ವಾಹನ ಹೋಗಲಿ.” ಟಿಪ್ಪಣಿ ಒಪ್ಪಿಗೆಯಾಗಿ ಗೋಡೆಯ ಮೇಲೆ ಅಂಟಿಸಲ್ಪಟ್ಟಿತು. ಹದಿನಾಲ್ಕು ವರ್ಷ ಹಾಗೆಯೇ ನಡೆಯಿತು. ಆ ಹದಿನಾಲ್ಕು ವರ್ಷದಲ್ಲಿ ಮರುಕರೆಯಿಂದ ಯಾರೂ ಸತ್ತದ್ದು ನನಗೆ ತಿಳಿದಿಲ್ಲ.

ಐದು ವರ್ಷ ಹಿಂದೆ ಚೀಟಿ ಹೋಗಿ ಕಂಪ್ಯೂಟರ್ ಬಂತು. ನನ್ನ ನಿವೃತ್ತಿಗೆ ಹನ್ನೊಂದು ದಿನ ಬಾಕಿ ಇರುವಾಗ ಹೊಸ ಪದ್ಧತಿಯ ಬಗ್ಗೆ ಸಭೆ ಕರೆದರು. ಸಭೆ ನಡೆಸಿದವರು ಈಗಿನ ಮುಖ್ಯಾಧಿಕಾರಿ. ಅವರು ಹಿಂದೆ ಒಂಬತ್ತು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಚೀಟಿ ಬರೆದವರು. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದರಿಂದ ನಾವು ಅವರನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದೆವು. ಹೊಸ ಪದ್ಧತಿಯ ಕರಡನ್ನು ನನಗೂ ಒಂದು ಪ್ರತಿ ಕೊಟ್ಟರು. ಅದರಲ್ಲಿ ನನ್ನ ಟಿಪ್ಪಣಿಯ ಮೊದಲ ಪ್ಯಾರಾ ಅಕ್ಷರ ಬಿಡದೆ ಇತ್ತು. ಎರಡನೇ ಪ್ಯಾರಾ ಇರಲಿಲ್ಲ. ‘ಬಂತು’ ಚೌಕವೂ ಇರಲಿಲ್ಲ. ಎದ್ದು ನಿಂತು ಕೇಳಿದೆ. ಅವರು, ಅಕ್ಕ, ಹೆಸರು ಕೇಳಿ ಹೋಲಿಸಿ ನೋಡೋಕೆ ಹನ್ನೆರಡು ಸೆಕೆಂಡ್ ಬೇಕು, ದಿನಕ್ಕೆ ನಾಲ್ಕು ಸಾವಿರ ಕರೆ, ಲೆಕ್ಕ ಹಾಕಿ ನೋಡಿ, ಹದಿಮೂರು ಗಂಟೆ ಹೋಗುತ್ತೆ ಎಂದರು. ಸಭೆಯಲ್ಲಿದ್ದ ಒಬ್ಬರು, ಇವರಿಗೆ ಇನ್ನೂ ಚೀಟಿ ಕಾಲ ಎಂದರು. ಎಲ್ಲರೂ ನಕ್ಕರು. ನಾನು ಇದು ತಪ್ಪು ಎಂದು ಬಾಯಲ್ಲಿ ಹೇಳಿ ಕುಳಿತೆ. ಬರೆದುಕೊಡಲಿಲ್ಲ. ಇಪ್ಪತ್ತೊಂಬತ್ತು ವರ್ಷ, ಬಾಯಿ ಮಾತು ನಡೆಯಲ್ಲ, ಬರೆದು ಕೊಡಿ ಎಂದು ಕಿರಿಯರಿಗೆ ಹೇಳಿದವಳು ಅಂದು ಬರೆದುಕೊಡಲಿಲ್ಲ. ಹನ್ನೊಂದು ದಿನ ಕಳೆದು ಮನೆಗೆ ಬಂದೆ.

ನಿವೃತ್ತಿಯ ದಿನ ನಾನು ಬರೆದುಕೊಟ್ಟಿದ್ದ ಟಿಪ್ಪಣಿಗಳ ಕಾರ್ಬನ್ ಪ್ರತಿಗಳನ್ನೆಲ್ಲ ಒಂದು ಟ್ರಂಕಿನಲ್ಲಿ ಮನೆಗೆ ತಂದೆ. ನನ್ನ ತಮ್ಮ ಅದನ್ನು ತೆರೆದು ನೋಡಿ, ಇದೇನೇ, ಹುಳುಗಳಿಗೆ ಊಟ ಹಾಕ್ತಿದ್ದೀಯಾ ಎಂದು ಬೈದನು. ಮುಂದಿನ ಮೂರು ವಾರ ಬೇರೆಯವರ ಕೆಲಸ ಪಕ್ಕಕ್ಕಿಟ್ಟು 212 ಹಾಳೆಗಳನ್ನು ನೀಲಿ ಬಟ್ಟೆಯ ರಟ್ಟಿನಲ್ಲಿ ಒಂದೇ ಪುಸ್ತಕವಾಗಿ ಕಟ್ಟಿಕೊಟ್ಟನು. ಬಿಡಿ ಹಾಳೆಗೆ ಹೊಲಿಗೆ ನಿಲ್ಲುವುದಿಲ್ಲವಾದ್ದರಿಂದ ಎರಡೆರಡು ಹಾಳೆಗಳ ನಡುವೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಜೋಡಿ ಮಾಡಿ, ಆ ಪಟ್ಟಿಯ ನಡುವೆ ದಾರ ಹಾಯಿಸಿ ಹೊಲಿದಿದ್ದನು. ಇದನ್ನ ಓದೋರು ಯಾರು, ನಾನೊಬ್ಬನೇ, ಅದೂ ಕಾಗದ ನೇರ ಇದ್ಯಾ ಅಂತ ನೋಡೋಕೆ ಎಂದನು. ನನ್ನ ಟಿಪ್ಪಣಿ ಆ ಪುಸ್ತಕದ 118ನೇ ಹಾಳೆ.

ನಾನೂ ನನ್ನ ತಮ್ಮನೂ ಮದುವೆಯಾಗಿಲ್ಲ. ಮನೆಯಲ್ಲಿ ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ಅವನ ಕೆಲಸ, ಹಿಂದಿನ ಕೋಣೆಯಲ್ಲಿ ನನ್ನ ಓದು. ಊಟದ ಹೊತ್ತಿಗೆ ಮಾತು.

ಇನ್ನು 14ನೇ ತಾರೀಖು. ಕರೆಗಳ ಗಂಟೆ ನಿಮಿಷಗಳನ್ನು ನನ್ನ ಫೋನಿನಲ್ಲಿ ನೋಡಿ, ಉಳಿದವನ್ನು ಅಂದು ಗಡಿಯಾರ ನೋಡಿಕೊಂಡ ನೆನಪಿನಿಂದ ಹೇಳುತ್ತಿದ್ದೇನೆ. ಕರೆಯಲ್ಲಿ ಆಡಿದ ಮಾತುಗಳು 17ರಂದು ಇದೇ ಠಾಣೆಯಲ್ಲಿ ಇನ್‌ಸ್ಪೆಕ್ಟರು ನನಗೆ ಕೇಳಿಸಿದ ಕರೆಯ ರೆಕಾರ್ಡಿಂಗ್‌ನಿಂದ.

ಅಂದು ಬೆಳಗ್ಗೆ ನಮ್ಮ ಕಟ್ಟಡದ ಮೆಟ್ಟಿಲ ಗೋಡೆಗಳಿಗೆ ಬಣ್ಣ ಹೊಡೆಯಲು ಬಂದಿದ್ದ ಪೇಂಟರ್ ನೆಲಮಹಡಿಯಲ್ಲಿ ಆರು ಅಡಿ ಏಣಿಯಿಂದ ಜಾರಿ ಬಿದ್ದು ಕಾಲಿನ ಗಿಣ್ಣು ಮುರಿದುಕೊಂಡನು. ನೆಲಮಹಡಿಯಲ್ಲಿ ಅಂಗಡಿ ಇಟ್ಟಿರುವ ಟೈಲರ್ 10.36ಕ್ಕೆ ಆಂಬುಲೆನ್ಸ್‌ಗೆ ಫೋನು ಮಾಡಿದರು. ಇದು ನನಗೆ ಆಗ ಗೊತ್ತಿರಲಿಲ್ಲ. ನಾನು ಎರಡನೇ ಮಹಡಿಯಲ್ಲಿ, ಮೂವತ್ತೆಂಟು ಮೆಟ್ಟಿಲು ಮೇಲೆ, ಹಿಂದಿನ ಕೋಣೆಯಲ್ಲಿದ್ದೆ.

10.41ಕ್ಕೆ ನನ್ನ ತಮ್ಮ ಅಕ್ಕ ಎಂದು ಕರೆದನು. ಒಂದು ಸಲ ಕರೆದರೆ ನಾನು ಹೋಗುವವಳಲ್ಲ ಎಂದು ಅವನಿಗೆ ಗೊತ್ತು. ಆದ್ದರಿಂದ ಯಾವಾಗಲೂ ಮೂರು ಸಲ ಕರೆಯುತ್ತಿದ್ದ. ಅಂದು ಒಂದೇ ಸಲ ಕರೆದು ಸುಮ್ಮನಾದ. ಹೋಗಿ ನೋಡಿದರೆ ಕೆಲಸದ ಮೇಜಿನ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದನು. ಕೈಯಲ್ಲಿ ಅಂಟಿನ ಕುಂಚ ಹಾಗೆಯೇ ಇತ್ತು. ಎಡಗೈ ಭಾರ, ಎದೆ ಮೇಲೆ ಯಾರೋ ಕೂತಿದ್ದಾರೆ ಎಂದನು. ಬೆವರಿದ್ದನು.

10.43ಕ್ಕೆ ಕರೆ ಮಾಡಿದೆ. ಎರಡನೇ ರಿಂಗ್‌ಗೆ ಒಬ್ಬ ಹುಡುಗಿ ತೆಗೆದುಕೊಂಡಳು. ವಿಳಾಸ ಹೇಳಿದೆ. ಗಂಡಸು, ಐವತ್ತಾರು, ಎದೆನೋವು, ಎಚ್ಚರವಿದ್ದಾನೆ ಎಂದೆ. ಅವಳು, ಅಮ್ಮಾ, ಆ ಬಿಲ್ಡಿಂಗ್‌ಗೆ ಗಾಡಿ ಆಗಲೇ ಹೊರಟಿದೆ, ಇನ್ನು ಏಳು ನಿಮಿಷದಲ್ಲಿ ಬರುತ್ತೆ, ಗಾಬರಿ ಆಗ್ಬೇಡಿ ಎಂದಳು. ಕರೆ ಮೂವತ್ತೆಂಟು ಸೆಕೆಂಡಿಗೆ ಮುಗಿಯಿತು.

ಇಲ್ಲಿ ನನ್ನ ಮೊದಲ ತಪ್ಪು. ನಾನು ಹೇಳಿ ಮುಗಿಸುವ ಮೊದಲೇ ವಾಹನ ಹೊರಟಿರುವುದು ಹೇಗೆ ಎಂದು ಆ ಕೊಠಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕುಳಿತವಳು ಕೇಳಬೇಕಿತ್ತು. ಕೇಳಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಷ್ಟು ಚುರುಕಾಗಿದ್ದಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು.

ನನ್ನ ತಮ್ಮ, ನಿನ್ನ ಆಫೀಸಿಗೆ ಫೋನ್ ಮಾಡಿದ್ಯಾ ಎಂದು ಕೇಳಿದನು. ಹೌದು ಎಂದೆ. ಅಬ್ಬಾ, ಇಷ್ಟು ವರ್ಷಕ್ಕೆ ಒಂದು ಸಲ ಅವರಿಂದ ನಮಗೆ ಉಪಯೋಗ ಆಗ್ತಿದೆ ಎಂದನು. ಮಾತಾಡಬೇಡ ಎಂದೆ. ನೀನು ಹೇಳಿದ್ರೆ ಕೇಳ್ಬೇಕು, ಮನೇಲಿ ಪಿಂಚಣಿ ಬರೋದು ನಿನಗೇ ಎಂದನು.

10.46ಕ್ಕೆ ಎದುರು ಮನೆ, ನಂಬರು 10ರಲ್ಲಿರುವ ಶಾಲಾ ವ್ಯಾನಿನ ಚಾಲಕ, ಬೆಳಗಿನ ಟ್ರಿಪ್ ಮುಗಿಸಿ ಮಲಗಿದ್ದವನು, ನನ್ನ ದನಿ ಕೇಳಿ ಎದ್ದು ಬಂದನು. ನೋಡಿದ ತಕ್ಷಣ, ಅಕ್ಕಾ, ವ್ಯಾನ್ ಹಿತ್ತಲಲ್ಲೇ ನಿಂತಿದೆ, ಅಣ್ಣನ್ನ ಕುರ್ಚಿ ಮೇಲೆ ಕೂರಿಸಿ ಇಳಿಸೋಣ, ಏಳು ನಿಮಿಷದಲ್ಲಿ ಆಸ್ಪತ್ರೆ ಎಂದನು. ಆಸ್ಪತ್ರೆ ನಮ್ಮ ಕಟ್ಟಡದಿಂದ ಎರಡು ಕಿಲೋಮೀಟರ್ ನೂರು ಮೀಟರ್. ಬೇಡ, ಗಾಡಿ ಹೊರಟಿದೆ, ಎದೆನೋವಿನವರನ್ನ ಮೆಟ್ಟಿಲಿಳಿಸಬಾರದು ಎಂದೆ. ಎರಡು ನಿಮಿಷ ಬಿಟ್ಟು ಅವನು ಮತ್ತೆ ಕೇಳಿದನು. ಆ ಕೊಠಡಿಯಿಂದ ಹೊರಟಿದೆ ಅಂದ್ರೆ ಹೊರಟಿದೆ ಅಂತಲೇ ಅರ್ಥ, ಅದು ನನಗೆ ಗೊತ್ತಿರೋ ಹಾಗೆ ನಿನಗೆ ಗೊತ್ತಾ ಎಂದು ಗದರಿದೆ. ಅವನು ನನ್ನ ತಮ್ಮನ ಬೆನ್ನಿಗೆ ತನ್ನ ಮೊಣಕಾಲು ಕೊಟ್ಟು ಕುಳಿತನು.

10.50ಕ್ಕೆ ಸೈರನ್ ಕೇಳಿಸಿತು. ವಾಹನ ನಮ್ಮ ಗೇಟಿನ ಮುಂದೆ ನಿಂತಿತು. ನಾನು ಬಾಲ್ಕನಿಯಿಂದ ಬಗ್ಗಿ, ಎರಡನೇ ಮಹಡಿ, ಎರಡನೇ ಮಹಡಿ ಎಂದು ಎರಡು ಸಲ ಕೂಗಿದೆ. ಬಿಳಿ ಅಂಗಿಯ ಸಹಾಯಕ ಮೇಲೆ ನೋಡಿ ಕೈ ಎತ್ತಿದನು. ಒಳಗೆ ಬಂದು ಬಾಗಿಲು ಪೂರ್ತಿ ತೆರೆದು, ಸ್ಟ್ರೆಚರ್ ತಿರುಗಲಿ ಎಂದು ಚಪ್ಪಲಿ ಸ್ಟ್ಯಾಂಡನ್ನು ಪಕ್ಕಕ್ಕೆ ಎಳೆದೆ. ಕೆಳಗೆ ಸ್ಟ್ರೆಚರ್ ಚಕ್ರದ ಸದ್ದು ಕೇಳಿಸಿತು. ಬಂದ್ರು ನೋಡು ಎಂದು ತಮ್ಮನಿಗೆ ಹೇಳಿದೆ. ಮೂವತ್ತೆಂಟು ಮೆಟ್ಟಿಲಿಗೆ ಮೂರು ನಿಮಿಷ ಎಂದು ಲೆಕ್ಕ ಹಿಡಿದು ಕಾದೆ. ಮೂರು ಕಳೆಯಿತು. ನಾಲ್ಕು ಕಳೆಯಿತು. 10.55ಕ್ಕೆ ವ್ಯಾನ್ ಚಾಲಕನನ್ನು ಕೆಳಗೆ ಓಡಿಸಿದೆ. ಅವನು ಗೇಟಿಗೆ ಮುಟ್ಟುವಾಗ ವಾಹನ ಅಂಚೆ ಕಚೇರಿಯ ತಿರುವಿನಲ್ಲಿತ್ತು. ಅರವತ್ತು ಮೀಟರ್ ಹಿಂದೆ ಓಡಿದ್ದಾನೆ. ಸಿಗಲಿಲ್ಲ. ವಾಪಸ್ ಬಂದು ಬಾಗಿಲಲ್ಲಿ ನಿಂತು, ಅಕ್ಕಾ, ಪೇಂಟರ್‌ನ ಹಾಕ್ಕೊಂಡು ಹೋದ್ರು, ಅದು ಅವನಿಗೆ ಬಂದ ಗಾಡಿ, ನಮಗಲ್ಲ ಎಂದನು.

ನನ್ನ ತಮ್ಮ ಅದನ್ನು ಕೇಳಿಸಿಕೊಂಡನು. ನನ್ನ ಮುಖ ನೋಡಿ, ಚೀಟಿ ಮುಚ್ಚಿಬಿಟ್ರೇನೇ ಎಂದನು.

ಅದೇ ಹೊತ್ತಿಗೆ ನನ್ನ ಫೋನಿಗೆ ಒಂದು ಸಂದೇಶ ಬಂತು. ನಿಮ್ಮ ಕರೆಯನ್ನು ಯಶಸ್ವಿಯಾಗಿ ಪೂರೈಸಲಾಗಿದೆ ಎಂದು ಅದರಲ್ಲಿತ್ತು. ಸಮಯ 10.56. ಆ ಸಂದೇಶವನ್ನು ಅಳಿಸಿಲ್ಲ. ಬರಹಗಾರರಿಗೆ ತೋರಿಸಿದ್ದೇನೆ.

10.57ಕ್ಕೆ ಎರಡನೇ ಕರೆ ಮಾಡಿದೆ. ಅದೇ ಹುಡುಗಿ ತೆಗೆದುಕೊಂಡಳು. ವಿಳಾಸ ಹೇಳಿದ ಕೂಡಲೇ, ಆ ಕೇಸ್ ಮುಗಿದಿದೆ ಅಮ್ಮಾ, ಪೇಷೆಂಟ್‌ನ ಕರ್ಕೊಂಡು ಹೋಗಿದ್ದಾರಲ್ಲ ಎಂದಳು. ಅವನು ಬೇರೆಯವನು, ನನ್ನ ತಮ್ಮ ಇಲ್ಲೇ ಇದ್ದಾನೆ ಎಂದೆ. ಅವಳು ಅಯ್ಯೋ ಎಂದಳು.

ಇದರ ನಂತರ ನಡೆದದ್ದನ್ನು ನಾನು ಬೇರೆ ರೀತಿ ನೆನಪಿಟ್ಟುಕೊಂಡಿದ್ದೆ. 17ರಂದು ರೆಕಾರ್ಡಿಂಗ್ ಕೇಳಿದ ಮೇಲೆ ಸರಿಯಾಗಿ ಗೊತ್ತಾಯಿತು. ನಾನು ಬೈಯಲು ಶುರು ಮಾಡಿದೆ. ನಿನಗೆ ಯಾರು ಕಲಿಸಿದ್ದು, ಬಂತು ಅನ್ನಿಸಿಕೊಳ್ಳದೆ ಚೀಟಿ ಮುಚ್ಚೋದಾ, ಹೊರಟಿದೆ ಅನ್ನೋ ಮಾತಿಗೆ ಬೆಲೆ ಇಲ್ವಾ, ನಾನು ಯಾರು ಗೊತ್ತಾ, ಆ ಕೊಠಡಿ ಕಟ್ಟಿದ್ದೇ ನಾವು ಎಂದೆಲ್ಲ ಹೇಳಿದ್ದೇನೆ. ಹತ್ತಿ ಗೋದಾಮಿನ ಮಾತನ್ನೂ ಎತ್ತಿದ್ದೇನೆ. ನನ್ನ ಬೈಗುಳದ ಅಡಿಯಲ್ಲಿ ಆ ಹುಡುಗಿಯ ದನಿ ಸಣ್ಣದಾಗಿ ಕೇಳಿಸುತ್ತದೆ. ಅವಳು ಮೂರು ಸಲ, ಅಮ್ಮಾ, ಪೇಷೆಂಟ್ ಹೆಸರು ಹೇಳಿ, ಹೊಸ ಕೇಸ್ ಹಾಕ್ತೀನಿ, ಹೆಸರು ಹೇಳಿ ಎಂದು ಕೇಳಿದ್ದಾಳೆ. ನಾನು ಹೇಳಿಲ್ಲ. ಕೇಳಲೇಬೇಕು ಎಂದು ಹತ್ತೊಂಬತ್ತು ವರ್ಷ ಹಿಂದೆ ನಾನು ಯಾವ ಪ್ರಶ್ನೆಯನ್ನು ಬರೆದುಕೊಟ್ಟಿದ್ದೆನೋ ಆ ಪ್ರಶ್ನೆಯನ್ನು ಅವಳು ಕೇಳುತ್ತಿದ್ದಳು. ನಾನು ಐವತ್ತೈದು ಸೆಕೆಂಡು ಉತ್ತರ ಕೊಡಲಿಲ್ಲ. ನಾಲ್ಕನೇ ಸಲ ಅವಳು ಅಳುದನಿಯಲ್ಲಿ ಕೇಳಿದಾಗ ಹೆಸರು ಹೇಳಿದೆ. ಹೊಸ ಕೇಸ್ ಎರಡು ಸೆಕೆಂಡಿನಲ್ಲಿ ದಾಖಲಾಯಿತು.

ಹತ್ತಿರದ ವಾಹನ ಇನ್ನೂ ಪೇಂಟರನನ್ನು ಒಯ್ಯುತ್ತಿತ್ತು. ಮುಂದಿನದು ಒಂಬತ್ತು ಕಿಲೋಮೀಟರ್ ದೂರದಲ್ಲಿತ್ತು. ಇಪ್ಪತ್ತೈದು ನಿಮಿಷ ಆಗಬಹುದು, ನಿಮ್ಮ ಹತ್ರ ಗಾಡಿ ಇದ್ರೆ ಹೊರಡಿ ಅಮ್ಮಾ, ದಾರಿಯಲ್ಲಿ ನಾನು ಲೈನ್‌ನಲ್ಲೇ ಇರ್ತೀನಿ ಎಂದು ಅವಳೇ ಹೇಳಿದಳು.

11.01ಕ್ಕೆ ವ್ಯಾನ್ ಚಾಲಕ ಮತ್ತು ಅವನು ಕೆಳಗಿನಿಂದ ಕರೆತಂದ ಟೈಲರ್ ನನ್ನ ತಮ್ಮನನ್ನು ಅವನ ಕೆಲಸದ ಕುರ್ಚಿಯಲ್ಲೇ ಕೂರಿಸಿ ಮೆಟ್ಟಿಲಿಳಿಸಲು ಶುರು ಮಾಡಿದರು. ಟೈಲರ್ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಮೇಲೆ ಹೀಗಾಗಿದೆ ಅಂತ ಒಂದು ಮಾತು ಗೊತ್ತಿದ್ರೆ ಆ ಗಾಡಿ ಚಕ್ರದ ಅಡಿಗೇ ಮಲಗಿಬಿಡ್ತಿದ್ದೆನಲ್ಲ ಅಕ್ಕಾ ಎಂದರು. ನನ್ನ ತಮ್ಮ ಅವರಿಗೆ, ಅಳತೆ ನೋಡ್ಕೊಂಡು ಇಳಿಸಪ್ಪಾ, ನಿನ್ನ ಅಳತೆ ಯಾವಾಗಲೂ ಒಂದಿಂಚು ಕಮ್ಮಿ ಎಂದನು. ಆಮೇಲೆ ನನ್ನ ಕಡೆ ತಿರುಗಿ, ಅಂಟಿನ ಡಬ್ಬಿ ಮುಚ್ಚಳ ಹಾಕಿ ಬಂದ್ಯಾ, ಒಣಗಿಹೋಗುತ್ತೆ ಎಂದನು. ಹಾಕಿದೆ ಎಂದೆ. ಹಾಕಿರಲಿಲ್ಲ.

11.06ಕ್ಕೆ ಮೊದಲನೇ ಮಹಡಿಯ ತಿರುವಿನಲ್ಲಿ ಅವನ ತಲೆ ಪಕ್ಕಕ್ಕೆ ವಾಲಿತು. ಕುತ್ತಿಗೆ ಮುಟ್ಟಿ ನೋಡಿದೆ. ನಾಡಿ ಇರಲಿಲ್ಲ. ಅಲ್ಲೇ ನೆಲಕ್ಕೆ ಮಲಗಿಸಿ ಎದೆ ಒತ್ತಲು ಆರಂಭಿಸಿದೆ. ವ್ಯಾನಿಗೆ ಒಯ್ಯಬೇಕಿತ್ತೇ, ಅಲ್ಲೇ ನಿಲ್ಲಬೇಕಿತ್ತೇ ಎಂದು ಇನ್‌ಸ್ಪೆಕ್ಟರು ಕೇಳಿದ್ದರು. ಅಲ್ಲೇ ನಿಲ್ಲಬೇಕು ಎಂದು ನೂರಾರು ಜನರಿಗೆ ಫೋನಿನಲ್ಲಿ ಹೇಳಿದವಳು ನಾನು. ಅದನ್ನೇ ಮಾಡಿದೆ. ಫೋನನ್ನು ಮೆಟ್ಟಿಲ ಮೇಲೆ ಇಟ್ಟಿದ್ದೆ. ಆ ಹುಡುಗಿ ಅದರಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದಳು. ಹದಿನೆಂಟು ನಿಮಿಷ ಎಣಿಸಿದಳು. ನಾನೂ ವ್ಯಾನ್ ಚಾಲಕನೂ ಸರದಿಯಲ್ಲಿ ಒತ್ತಿದೆವು. ಗೋಡೆಯ ಹೊಸ ಬಣ್ಣ ಇನ್ನೂ ಹಸಿ ಇತ್ತು. ನನ್ನ ಸೆರಗಿಗೆ ಮೆತ್ತಿಕೊಂಡಿದೆ.

11.24ಕ್ಕೆ ಎರಡನೇ ಆಂಬುಲೆನ್ಸ್ ಬಂತು. 11.33ಕ್ಕೆ ಆಸ್ಪತ್ರೆ. 11.40ಕ್ಕೆ ವೈದ್ಯರು ಹೊರಗೆ ಬಂದು ಇಲ್ಲ ಎಂದರು. ಹನ್ನೊಂದರೊಳಗೆ ಬಂದಿದ್ದರೆ ಎಂದು ಕೇಳಿದೆ. ಅದನ್ನ ಯಾರೂ ಹೇಳೋಕಾಗಲ್ಲಮ್ಮ ಎಂದರು. ಅವರು ಹೇಳಿದ ರೀತಿಯಲ್ಲಿ ಉತ್ತರ ಇತ್ತು.

15ರಂದು ಮೊದಲ ಆಂಬುಲೆನ್ಸಿನ ಸಹಾಯಕ ಮನೆಗೆ ಬಂದನು. ನೀವು ಕೂಗಿದ್ದು ಕೇಳಿಸ್ತು, ಬಿದ್ದವನ ಕಡೆಯವರು ಅಂದ್ಕೊಂಡೆ ಎಂದನು. ಅವನ ಕೈಯಲ್ಲಿನ ಯಂತ್ರದಲ್ಲಿ ಒಂದು ಕೇಸು, ಒಬ್ಬ ರೋಗಿ. ರೋಗಿ ಸಿಕ್ಕಿದರೇ ಎಂಬ ಪ್ರಶ್ನೆ. ಹೌದು ಎಂದು ಒತ್ತಿದ್ದಾನೆ. ಅವನ ಮೇಲೆ ನನಗೆ ದೂರಿಲ್ಲ.

16ರಂದು ಮಧ್ಯಾಹ್ನ ಮುಖ್ಯಾಧಿಕಾರಿಯವರು ಬಂದರು. ಕಾಲು ಗಂಟೆ ಕುಳಿತರು. ಹೊರಡುವಾಗ ಬೆರಳಚ್ಚು ಮಾಡಿದ ಒಂದು ಹೇಳಿಕೆ ತೆಗೆದು ನನ್ನ ಎದುರಿಗಿಟ್ಟರು. ಕರೆ ಸ್ವೀಕರಿಸಿದವರ ವೈಯಕ್ತಿಕ ನಿರ್ಲಕ್ಷ್ಯದಿಂದ ಎಂದು ಅದರಲ್ಲಿತ್ತು. ಸಹಿ ಒಂದು ಹಾಕಿಬಿಡಿ ಅಕ್ಕ, ಅವಳು ಹೊಸಬಳು, ಸಸ್ಪೆಂಡ್ ಮಾಡಿದ್ದೀನಿ, ನಿಮಗೆ ನ್ಯಾಯ ಸಿಗುತ್ತೆ ಎಂದರು. ಎರಡನೇ ಪ್ಯಾರಾ ಎಲ್ಲಿ ಎಂದು ಕೇಳಿದೆ. ಯಾವ ಪ್ಯಾರಾ ಎಂದರು. ಪೆನ್ಸಿಲ್, ನೀನೇ ಅದನ್ನ ಗೋಡೆಗೆ ಅಂಟಿಸಿದ್ದು, ಅಂಟು ನನ್ನ ತಮ್ಮ ಕೊಟ್ಟಿದ್ದ ಎಂದೆ. ಅವರು ಕಾಗದವನ್ನು ಅಲ್ಲೇ ಬಿಟ್ಟು ಹೋದರು. ಸಹಿ ಹಾಕದ ಆ ಕಾಗದವನ್ನು ಇದರ ಜೊತೆ ಕೊಟ್ಟಿದ್ದೇನೆ.

18ರಂದು ಬೆಳಗ್ಗೆ ಆ ಹುಡುಗಿ ಬಂದಳು. ಬಾಗಿಲ ಹೊರಗೇ ನಿಂತಿದ್ದಳು. ದನಿಯಿಂದ ಗುರುತು ಹಿಡಿದೆ. ಒಳಗೆ ಕರೆದರೆ ನನ್ನ ತಮ್ಮನ ಮೇಜಿನ ಪಕ್ಕದ ಸ್ಟೂಲಿನ ತುದಿಯಲ್ಲಿ ಕುಳಿತಳು. ಅವಳು ಹೇಳಿದ ಪ್ರಕಾರ ಒಂದೊಂದು ಕರೆಗೆ ಅವಳಿಗೆ ತೊಂಬತ್ತು ಸೆಕೆಂಡು. ಅದೇ ವಿಳಾಸ ಹತ್ತು ನಿಮಿಷದೊಳಗೆ ಮತ್ತೆ ಬಂದರೆ ಪರದೆಯ ಮೇಲೆ ಮರುಕರೆ ಎಂಬ ಗುಂಡಿ ಕೆಂಪಗೆ ಮಿನುಗುತ್ತದೆ. ಅದನ್ನು ಒತ್ತದೆ ಹೊಸ ಕೇಸು ಹಾಕಿದರೆ ತಿಂಗಳ ಕೊನೆಗೆ ವಿವರಣೆ ಕೊಡಬೇಕು. ಹೋದ ತಿಂಗಳು ಎರಡು ಸಲ ಹಾಗೆ ಹಾಕಿ ಬೈಸಿಕೊಂಡಿದ್ದಾಳೆ. ನೀವು ಎದೆನೋವು ಅಂದಿದ್ದು ಕೇಳಿಸ್ತು ಅಮ್ಮಾ, ಕೈ ಗುಂಡಿ ಮೇಲೆ ಹೋಗಿಬಿಟ್ಟಿತ್ತು ಎಂದಳು.

ನಾನು ನೀಲಿ ಪುಸ್ತಕ ತೆಗೆದು 118ನೇ ಹಾಳೆ ತೋರಿಸಿದೆ. ಅವಳು ಎರಡನೇ ಪ್ಯಾರಾವನ್ನು ಬೆರಳಿಟ್ಟು ಓದಿದಳು. ಮೊದಲನೇದು ನಮಗೆ ಬಾಯಿಪಾಠ, ಇದು ಇತ್ತು ಅಂತ ಯಾರೂ ಹೇಳ್ಲಿಲ್ಲ ಎಂದಳು. ಹೋಗುವಾಗ ಮೇಜಿನ ಮೇಲಿದ್ದ ಅಂಟಿನ ಡಬ್ಬಿ ನೋಡಿ, ಇದು ಒಣಗಿಹೋಗಿದೆಯಲ್ಲಮ್ಮ ಎಂದಳು. ಹೌದು ಎಂದೆ.

ಆದ್ದರಿಂದ ನಾನು ಕೇಳಿಕೊಳ್ಳುವುದು ಇಷ್ಟು. ಆರೋಪಿ ಎಂಬ ಜಾಗದಿಂದ ಆ ಹುಡುಗಿಯ ಹೆಸರು ತೆಗೆಯಬೇಕು. ಎರಡನೇ ಪ್ಯಾರಾ ತೆಗೆಯಲು ಯಾರು ಹೇಳಿದರು, ಯಾರು ಒಪ್ಪಿ ಸಹಿ ಹಾಕಿದರು ಎಂದು ಆ ಸಭೆಯ ದಾಖಲೆ ತರಿಸಿ ನೋಡಬೇಕು. ಹಾಜರಿ ಪಟ್ಟಿಯಲ್ಲಿ ನನ್ನ ಸಹಿಯೂ ಇದೆ. ನನ್ನನ್ನೂ ಕೇಳಬೇಕು. ನಾಳೆ ಬೆಳಗ್ಗೆಯಿಂದಲೇ ಆ ಕೊಠಡಿಯಲ್ಲಿ ಹೆಸರು ಕೇಳುವಂತಾಗಬೇಕು. ತನಿಖೆ ಮುಗಿಯುವ ತನಕ ಕಾಯುವ ವಿಷಯವಲ್ಲ ಅದು. ಇವತ್ತೂ ನಾಲ್ಕು ಸಾವಿರ ಕರೆ ಬರುತ್ತವೆ.

ನೀಲಿ ಪುಸ್ತಕವನ್ನು ಸಾಕ್ಷ್ಯವಾಗಿ ಒಪ್ಪಿಸಿದ್ದೇನೆ. ಬರಹಗಾರರು, ಪೂರ್ತಿ ಪುಸ್ತಕ ಬೇಡ, ಆ ಒಂದು ಹಾಳೆ ತೆಗೆದುಕೊಡಿ ಸಾಕು ಎಂದರು. ಕೊಡಲಾರೆ ಎಂದೆ. ಅದು ಜೋಡಿ ಹೊಲಿಗೆ. ಒಂದು ಹಾಳೆ ಕಿತ್ತರೆ ಅದರ ಜೊತೆಯದೂ ಸಡಿಲವಾಗುತ್ತದೆ, ಈಗ ಗೊತ್ತಾಗುವುದಿಲ್ಲ, ಎಷ್ಟೋ ದಿನದ ಮೇಲೆ ಯಾರೋ ತೆರೆದಾಗ ಕೈಗೆ ಬರುತ್ತದೆ. ಇದು ನನ್ನ ತಮ್ಮ ಹೇಳಿದ್ದು. ಪುಸ್ತಕವನ್ನು ಪೂರ್ತಿಯಾಗಿಯೇ ಇಟ್ಟುಕೊಳ್ಳಬೇಕು, ಪೂರ್ತಿಯಾಗಿಯೇ ವಾಪಸ್ ಕೊಡಬೇಕು.

ಬರೆದುಕೊಂಡದ್ದನ್ನು ಬರಹಗಾರರು ನನಗೆ ಓದಿ ಹೇಳಿದರು. ನಾನು ಹೇಳಿದ್ದೂ ಅವರು ಬರೆದದ್ದೂ ಒಂದೇ ಆಗಿದೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ. ಒಂದು ಕಡೆ ಮಾತ್ರ ತಿದ್ದಿಸಿದ್ದೇನೆ. ಎರಡನೇ ಕರೆಯಲ್ಲಿ ನಾನು ಹೆಸರು ಹೇಳದೆ ಇದ್ದ ಹೊತ್ತನ್ನು ಅವರು ‘ಸ್ವಲ್ಪ ಹೊತ್ತು’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ ‘ಐವತ್ತೈದು ಸೆಕೆಂಡು’ ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: ಈ ತಿಂಗಳ 20, ಸೋಮವಾರ. ಶುರು 11.10, ಮುಗಿದದ್ದು 1.45

ಸಹಿ/-
(ಮೃತನ ಅಕ್ಕ)